ಚೊಚ್ಚಲು ಅಂತ ಹೇಳಿದ್ದು

ಜನವರಿ 9

ಮಗ ಪ್ರಜ್ವಲನ ಹೆಂಡತಿ ನಮಿತಾಳಿಗೆ ಏಳು ವಾರವಂತೆ. ಈಗಿನವರು ವಾರದಲ್ಲಿ ಹೇಳುತ್ತಾರೆ. ನಮಗೆ ತಿಂಗಳು ಸಾಕಿತ್ತು. ಬೆಳಿಗ್ಗೆ ನಾನೇ ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಪ್ರಜ್ವಲ ತಾನೂ ಬರುತ್ತೇನೆ ಅಂದ. ನೀನು ದೋಸೆಕಲ್ಲಿನ ಮುಂದೆ ನಿಲ್ಲು, ಇದು ಹೆಂಗಸರ ಕೆಲಸ ಅಂದೆ. ಸೂರತ್ ಪಕ್ಕದ ಈ ಸಚಿನ್ ಊರಿನ ಫ್ಯಾಕ್ಟರಿಗಳ ಪಾಳಿ ಬಿಡುವ ಹೊತ್ತಿಗೆ ಮಗ ಹೋಟೆಲಿನಲ್ಲಿ ಇಲ್ಲದಿದ್ದರೆ ನಮ್ಮ ಯಜಮಾನರಿಗೆ ಕೈಕಾಲು ಆಡುವುದಿಲ್ಲ.

ಸ್ಕ್ಯಾನಿನ ಪರದೆಯಲ್ಲಿ ನೆನೆದು ಉಬ್ಬಿದ ಉದ್ದಿನಕಾಳಿನಷ್ಟು ಒಂದು ಕಂಡಿತು. ಅದರ ನಡುವೆ ಏನೋ ಮಿಣಮಿಣ ಅನ್ನುತ್ತಿತ್ತು. “ಬಾ, ದೇಖೋ, ದಿಲ್,” ಅಂದಳು ಡಾಕ್ಟರಮ್ಮ. ಇಲ್ಲಿ ವಯಸ್ಸಾದ ಹೆಂಗಸರನ್ನೆಲ್ಲ ಬಾ ಅನ್ನುತ್ತಾರೆ. ಕೈಕಾಲು ಇನ್ನೂ ಮೊಳಕೆಯ ಹಾಗೆ ಇದೆ, ಮುಖ ನೆಟ್ಟಗೆ ಮೂಡಿಲ್ಲ, ಆದರೆ ಎದೆ ಬಡಿಯುತ್ತದಂತೆ. ನಾನು ಮೂರು ಸಲ ಬಸುರಿಯಾದವಳು. ಒಂದನ್ನೂ ಯಾರೂ ಹೀಗೆ ತೋರಿಸಿರಲಿಲ್ಲ.

ಆಮೇಲೆ ಫಾರಮ್ಮು ತುಂಬಿಸಲು ಕೂತಳು. ಇದಕ್ಕೆ ಮೊದಲು ಬಸಿರು ನಿಂತದ್ದು, ಇಳಿದದ್ದು ಏನಾದರೂ ಉಂಟೇ ಅಂತ ಇವಳನ್ನು ಕೇಳಿದಳು. ಇವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, “ಇಲ್ಲ. ಪೆಹಲಾ ಹೈ. ಚೊಚ್ಚಲು.”

ಅದು ಸುಳ್ಳು. ಇಲ್ಲಿ ಬರೆದರೆ ಓದುವವರಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಒಂದೂವರೆ ವರ್ಷದ ಹಿಂದೆ, ಮದುವೆಯಾದ ನಾಲ್ಕನೇ ತಿಂಗಳಲ್ಲಿ, ಎರಡೂವರೆ ತಿಂಗಳಿನದೊಂದು ಬಚ್ಚಲಲ್ಲಿ ಹೋಯಿತು. ನನಗೆ, ಅವಳಿಗೆ, ಪ್ರಜ್ವಲನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಇವರು ಆಗ ಕುಂದಾಪುರಕ್ಕೆ ಹೋಗಿದ್ದರು, ಇವರಿಗೂ ಹೇಳಲಿಲ್ಲ. ವಡೋದರಾದಲ್ಲಿರುವ ಅವಳ ಅಮ್ಮನಿಗೂ ಹೇಳಕೂಡದು ಅಂತ ಆಣೆ ಹಾಕಿಸಿಕೊಂಡೆ.

ಯಾಕೆ ಹೇಳಬೇಕು? ನನಗೆ ಎರಡು ಹೋಗಿದ್ದವು. ನನ್ನ ಅತ್ತೆ ಕೇರಿಗೆಲ್ಲ ಸಾರಿದಳು. ಮೂರನೆಯದಕ್ಕೆ, ಪ್ರಜ್ವಲ ಹೊಟ್ಟೆಯಲ್ಲಿದ್ದಾಗ, ಸೀಮಂತವಿಲ್ಲ. ಸೀಮಂತ ಚೊಚ್ಚಲಿಗೆ ಮಾತ್ರ, ಇವಳಿಗೆಂತ ಸೀಮಂತ ಅಂದುಬಿಟ್ಟಳು. ಹಸಿರು ಬಳೆ ಇಡಿಸಿಕೊಳ್ಳದೆ ಹೆತ್ತವಳು ನಾನು. ಹೊಟ್ಟೆ ನಿಲ್ಲದವಳು ಅಂತ ಹೆಸರು. ಆ ಹೆಸರು ಈ ಹುಡುಗಿಗೆ ಬೇಡ.

ಜನವರಿ 13

ರಕ್ತದ ರಿಪೋರ್ಟು ಬಂತು. ಅವಳದು ಎ ನೆಗೆಟಿವ್, ಪ್ರಜ್ವಲನದು ಪಾಸಿಟಿವ್. ಡಾಕ್ಟರಮ್ಮ ಇನ್ನೊಂದು ರಕ್ತಪರೀಕ್ಷೆ ಬರೆದಳು. “ಬಾ, ಸರಿಯಾಗಿ ಹೇಳಿ. ಮೊದಲೊಂದು ಇಳಿದಿದ್ದರೆ ಇದು ಇವತ್ತೇ ಆಗಬೇಕು. ಪೆಹಲಾ ಆದರೂ ಈಗ ಮಾಡಿಸಿದರೆ ಒಳ್ಳೆಯದು,” ಅಂದಳು. ಪರೀಕ್ಷೆಗೆ ಸೂರತ್ ಪೇಟೆಗೆ ಹೋಗಬೇಕು. ಅವಳು ದಿನಕ್ಕೆ ಹತ್ತು ಸಲ ವಾಂತಿ ಮಾಡುತ್ತಿದ್ದಾಳೆ. ಪೆಹಲಾ, ಅವಸರವಿಲ್ಲ, ನೆಗೆಟಿವ್‌ನವರಿಗೆ ಏಳನೇ ತಿಂಗಳಲ್ಲಿ ಹೇಗೂ ಇಂಜೆಕ್ಷನ್ ಕೊಡುತ್ತೀರಲ್ಲ, ಆಗ ಮಾಡಿಸುತ್ತೇವೆ ಅಂದೆ.

ರಿಕ್ಷಾದಲ್ಲಿ ನಮಿತಾ ಶುರು ಮಾಡಿದಳು. ವಡೋದರಾದಲ್ಲಿ ಬೆಳೆದವಳು, ಅವಳ ಕನ್ನಡಕ್ಕೆ ಅರ್ಧ ಹಿಂದಿ.

“ಅತ್ತೆ, ಡಾಕ್ಟರ್‌ಗೆ ಬತಾನಾ ಚಾಹಿಯೇ ನಾ? ಅವರು ಕೇಳಿದ್ರು.”

“ಕೇಳಿದ್ರೆ ಎಂತ? ಕೇಳಿದ್ದಕ್ಕೆಲ್ಲ ಹೇಳುಕೆ ಅವ್ಳೆಂತ ಮನೆದೇವರಾ? ಸುಮ್ನೆ ಕೂಕೊ ಹೆಣೇ.”



ಫೆಬ್ರವರಿ 14

ಹನ್ನೆರಡು ವಾರ. ಮತ್ತೆ ಮೆಷಿನ್ನು. ಈ ಸಲ ಕಾಳಲ್ಲ, ಮನುಷ್ಯನೇ. ಮಲಗಿಕೊಂಡು ಕಾಲು ಝಾಡಿಸುತ್ತಿತ್ತು. ಮೂಗಿನ ಎಲುಬು ಕಂಡಿತು. ದೇಹದ ಭಾಗಗಳೆಲ್ಲ ಇಷ್ಟರಲ್ಲಿ ಮೂಡಿ ಆಗಿರುತ್ತದೆ, ಇನ್ನು ಬೆಳೆಯುವುದು, ಬಲಿಯುವುದು ಅಷ್ಟೇ ಅಂದಳು ಡಾಕ್ಟರಮ್ಮ. ಹತ್ತು ವಾರಕ್ಕೇ ಬೆರಳು ಬಿಡಿಬಿಡಿಯಾಗುತ್ತದಂತೆ.

ನನಗೆ ಆ ಕೋಣೆಯಲ್ಲಿ ಕೂರಲಾಗಲಿಲ್ಲ. ಏಸಿ ಸರಿ ಇಲ್ಲ ಅಲ್ಲಿ. ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಒಳಗೆ ಬಿಲ್ಲಿನವನು ಚೀಟಿ ಬರೆಯಲು ಗಂಟೆ ಮಾಡಿದ. ಅವನಿಗೆ ನಾಲ್ಕು ಬೈದೆ.

ಮಾರ್ಚ್ 4

ವಾಂತಿ ನಿಂತಿದೆ. ಮಾವಿನಮಿಡಿ ಉಪ್ಪಿನಕಾಯಿ ಒಂದು ಭರಣಿ ಖಾಲಿ.

ಪಪ್ಪಾಯಿ ಮನೆಯೊಳಗೆ ತರಬೇಡಿ ಅಂದಿದ್ದೇನೆ. ಗಾಳಿ ಫ್ಯಾಕ್ಟರಿ ಕಡೆಯಿಂದ ಬೀಸಿದರೆ ಗಂಟಲು ಕೆರೆಯುತ್ತದೆ, ಅವಳ ಕೋಣೆಯ ಕಿಟಕಿ ನಾನೇ ಹೋಗಿ ಮುಚ್ಚುತ್ತೇನೆ. ಕಬ್ಬಿಣದ ಮಾತ್ರೆ ಎದುರಿಗೆ ನಿಂತು ನುಂಗಿಸುತ್ತೇನೆ. ಹೋಟೆಲಿನ ಒಲೆಯ ಹತ್ತಿರ ಬಿಡುವುದಿಲ್ಲ. ಮೊನ್ನೆ ಗ್ಯಾಸಿನ ಸಿಲಿಂಡರು ಒಂದಿಷ್ಟು ಸರಿಸಿದಳು ಅಂತ ಪ್ರಜ್ವಲನಿಗೆ ಬೈದದ್ದು ಎದುರಿನ ಪಾನ್ ಅಂಗಡಿಗೂ ಕೇಳಿತಂತೆ. ಕೇಳಲಿ.

ಅವಳ ಫೋನಿನಲ್ಲಿ ವಾರಕ್ಕೊಂದು ಹಣ್ಣು ಬರುತ್ತದೆ, ಮಗು ಈಗ ಇಷ್ಟು ದೊಡ್ಡದು ಅಂತ. ಈ ವಾರ ಸೇಬು. “ಕಾಣಿ ಅತ್ತೆ, ಆ್ಯಪಲ್,” ಅಂದಳು. ಸೇಬು ತಿಂದು ಗೊತ್ತು, ಹೊತ್ತು ಗೊತ್ತಿಲ್ಲ ಅಂದೆ. ತುಂಬ ನಕ್ಕಳು. ನಕ್ಕರೆ ಚೆನ್ನಾಗಿ ಕಾಣುತ್ತಾಳೆ ಹುಡುಗಿ.

ಏಪ್ರಿಲ್ 9

ಇಪ್ಪತ್ತು ವಾರದ ದೊಡ್ಡ ಸ್ಕ್ಯಾನು. ತಲೆ, ಬೆನ್ನೆಲುಬು, ಹೃದಯದ ನಾಲ್ಕು ಕೋಣೆ, ಮೂತ್ರಪಿಂಡ, ಎಲ್ಲ ಸರಿ ಇದೆ. ಗಂಡೋ ಹೆಣ್ಣೋ ಹೇಳುವ ಹಾಗಿಲ್ಲ, ಗೋಡೆಯ ಮೇಲೆ ಬೋರ್ಡು ಹಾಕಿದ್ದಾರೆ. ಇನ್ನು ಕೆಲವು ವಾರಕ್ಕೆ ಹೊರಗಿನ ಸದ್ದು ಅದಕ್ಕೆ ಕೇಳಿಸುತ್ತದಂತೆ. ಇವರು, “ಹಾಂಗಾರೆ ಹೋಯ್, ನಿನ್ ಸ್ವರ ಕೇಂಡೇ ಅದು ಹೊರಗೆ ಬಪ್ಪುದಿಲ್ಲ ಅಂತ್ ಕೂಕಂತ್,” ಅಂದರು. ಹೋಟೆಲಿನವರೆಲ್ಲ ನಕ್ಕರು. ನನಗೂ ನಗು ಬಂತು, ತೋರಿಸಲಿಲ್ಲ.

ಸಂಜೆ ಅವಳು ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒದೆಯಿತು. ಎರಡು ಸಲ.

ಮೇ 25

ಸೀಮಂತ ಆಯಿತು. ಸೂರತ್‌ನಿಂದ ಸೀತಾರಾಮ ಭಟ್ಟರು ಬಂದಿದ್ದರು. ಸಂಕಲ್ಪಕ್ಕೆ ಮೊದಲು, “ಚೊಚ್ಚಲಲ್ವಾ ಸುಶೀಲಮ್ಮ?” ಅಂತ ಕೇಳಿದರು. ಹೌದು ಅಂದೆ. ದೇವರ ಎದುರು ಹೇಳುವಾಗ ಒಂದು ಗಳಿಗೆ ನಾಲಗೆ ತಡೆಯಿತು. ಅಗ್ನಿಯ ಹೊಗೆ ಇರಬೇಕು.

ನಮಿತಾಳ ಅಮ್ಮ ಪಾರ್ವತಿ ಎರಡು ದಿನ ಮೊದಲೇ ವಡೋದರಾದಿಂದ ಬಂದಿದ್ದಾಳೆ. ಕೈತುಂಬ ಹಸಿರು ಬಳೆ, ಜಡೆ ತುಂಬ ಮಲ್ಲಿಗೆ, ಹಸಿರು ಸೀರೆ. ಇಲ್ಲಿನ ನಮ್ಮೂರ ಹೆಂಗಸರೆಲ್ಲ ಬಂದರು. ನನಗೆ ಸಿಗದೆ ಹೋದದ್ದನ್ನು ಅವಳಿಗೆ ಒಂದೂ ಕಡಿಮೆ ಮಾಡಲಿಲ್ಲ.

ಊಟದ ಹೊತ್ತಿಗೆ ನಮಿತಾ ಹತ್ತಿರ ಬಂದು ಪಿಸುಗುಟ್ಟಿದಳು. “ಅತ್ತೆ, ನಿನ್ನೆಯಿಂದ ಮಗು ಜಾಸ್ತಿ ಹಿಲ್ತಾ ಇಲ್ಲ, ಒದೀತಾ ಇಲ್ಲ.”

“ಬೆಳಗಿಂದ ಸಿಹಿ ತಿಂದಿದ್ಯಲ್ದಾ? ಅದ್ಕೂ ನಿದ್ರೆ ಬಂದಿತ್ತ್. ಎಲೆ ಮುಂದೆ ಕೂಕಂಡ್ ಅಪಶಕುನ ಮಾತಾಡ್ಬೇಡ.”

ಹೋಗಿ ಕೂತಳು. ಬಳೆ ಸದ್ದಾಗದ ಹಾಗೆ ಎರಡೂ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡೇ ಇದ್ದಳು.

ಮೇ 29

ಮೊನ್ನೆ ನಮಿತಾ ನನ್ನನ್ನು ಕೇಳದೆ ತಾನೇ ಡಾಕ್ಟರಿಗೆ ಫೋನ್ ಮಾಡಿದ್ದಾಳೆ. ತಾನೇ ರಿಕ್ಷಾ ಕರೆದುಕೊಂಡು ಹೋಗಿ ಆ ರಕ್ತಪರೀಕ್ಷೆ ಕೊಟ್ಟು ಬಂದಿದ್ದಾಳೆ. ಇವತ್ತು ರಿಪೋರ್ಟು. ಪಾರ್ವತಿಯೂ ನಾನೂ ಜೊತೆಗೆ ಹೋದೆವು.

ಡಾಕ್ಟರಮ್ಮ ಹೊಟ್ಟೆಯ ಮೇಲೆ ಮೆಷಿನ್ನು ಆಡಿಸುತ್ತಲೇ ಇದ್ದಳು. ಯಾವಾಗಲೂ ಪರದೆ ನಮ್ಮ ಕಡೆ ತಿರುಗಿಸುವವಳು ಇವತ್ತು ತಿರುಗಿಸಲಿಲ್ಲ. ಆಮೇಲೆ ಹೇಳಿದಳು. ತಾಯಿಯ ರಕ್ತ ಮಗುವಿನ ರಕ್ತವನ್ನು ಶತ್ರು ಅಂತ ತಿಳಿದು ಕೊಲ್ಲುತ್ತಿದೆ. ಮಗುವಿಗೆ ರಕ್ತ ಕಡಿಮೆಯಾಗಿ ಅದರ ಹೃದಯ ಸೋತಿದೆ. ಅದರ ಹೊಟ್ಟೆಯೊಳಗೆ ನೀರು ತುಂಬುತ್ತಿದೆ. ತಡಮಾಡದೆ ಅಹಮದಾಬಾದಿಗೆ ಹೋಗಬೇಕು.

“ಇದು ಆಕಾಶದಿಂದ ಬರುವುದಿಲ್ಲ. ಯಾವಾಗಲಾದರೂ ತಪ್ಪು ರಕ್ತ ಹಾಕಿರಬೇಕು. ಇಲ್ಲ ಮೊದಲೊಂದು ಬಸಿರು ಆಗಿರಬೇಕು. ಬಾ ಪೆಹಲಾ ಅಂದಿದ್ದಾರೆ.”

ನಮಿ ಹುಟ್ಟಿದ ಮೇಲೆ ಯಾರೂ ಅವಳಿಗೆ ರಕ್ತ ಹಾಕಿಲ್ಲ ಅಂದಳು ಪಾರ್ವತಿ. ಆಮೇಲೆ ಅವಳ ಮುಖ ಬದಲಾಯಿತು. ಮಗಳ ಕಡೆ ತಿರುಗಿದಳು. “ಎಂತದೇ ನಮಿ? ಮದುವೆಗೆ ಮುಂಚೆ ಎಂತಾದ್ರೂ ಮಾಡ್ಕೊಂಡಿದ್ಯಾ?”

ನಮಿತಾ ಅಮ್ಮನನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

ನಾನು ಬಾಯಿ ಬಿಡಲಿಲ್ಲ. ಎಲ್ಲದಕ್ಕೂ ಮುಂದೆ ಬೀಳುವ ಬಾಯಿ ಇದು.

ಮೇ 30

ಬೆಳಿಗ್ಗೆ ಅಡುಗೆಮನೆಯಲ್ಲಿ ಪಾರ್ವತಿ ಮಗಳನ್ನು ಹಿಡಿದುಕೊಂಡಿದ್ದಳು. ಯಾರವನು, ಹೇಳು, ನಿನ್ನ ಅಪ್ಪನಿಗೆ ಎಂತ ಹೇಳಲಿ ಅಂತ ಅಳು. ನಮಿತಾ ಒಂದೇ ಮಾತು ಹೇಳುತ್ತಿದ್ದಳು, “ಪ್ರಜ್ವಲ್ ಕೋ ಪೂಛೋ ಮಮ್ಮಿ, ಅವರನ್ನು ಕೇಳಿ.” ಪ್ರಜ್ವಲ ಬಾಗಿಲಲ್ಲೇ ನಿಂತಿದ್ದ, ನೆಲ ನೋಡುತ್ತ. ನನ್ನ ಮಗ. ನನಗೆ ಹೆದರಿ ಮೂವತ್ತೊಂದು ವರ್ಷ ಬದುಕಿದವನು. ಇವರು ಬಂದು, ಏನು ಗಲಾಟೆ ಅಂತ ನಿಂತರು.

“ಬೈಯುದಿದ್ರೆ ನಂಗೆ ಬೈಯಿ ಪಾರ್ವತಿ,” ಅಂದೆ. “ಅವ್ಳ್ ಎಂತದೂ ಮಾಡ್ಲಿಲ್ಲ.” ಎಲ್ಲ ಹೇಳಿದೆ. ಯಾವ ತಿಂಗಳು, ಯಾವ ಬಚ್ಚಲು, ಯಾರ ಆಣೆ, ಡಾಕ್ಟರಿಗೆ ಎಷ್ಟು ಸಲ ಸುಳ್ಳು ಹೇಳಿದೆ, ಎಲ್ಲ. ನಿಂತುಕೊಂಡೇ ಹೇಳಿದೆ. ದನಿ ಇಳಿಸಲೂ ಇಲ್ಲ. ಇಳಿಸಿ ಹೇಳುವುದು ನನಗೆ ಬರುವುದಿಲ್ಲ.

ಪಾರ್ವತಿ ಕಿರುಚುತ್ತಾಳೆ ಅಂದುಕೊಂಡಿದ್ದೆ. ನೆಲದ ಮೇಲೆ ಕೂತಳು. “ಎಷ್ಟು ದಿನ ಮಲಗಿಸಿದ್ರಿ ಅವಳನ್ನು?” ಅಂತ ಕೇಳಿದಳು.

“ಎರಡು.”

“ಎರಡು ದಿನ,” ಅಂದಳು. ಅಷ್ಟೇ. ಮಗಳ ಕಾಲು ಹಿಡಿದುಕೊಂಡು ಅತ್ತಳು.

ಇವರು ಹೊರಗೆ ಹೋಗುವಾಗ, “ನಂಗೂ ಹೇಳ್ಲಿಲ್ಯಲೆ ನೀ,” ಅಂದರು. ನಲವತ್ತು ವರ್ಷದ ಸಂಸಾರದಲ್ಲಿ ಈ ಮನುಷ್ಯ ನನಗೆ ಹೀಗೆ ಹೇಳಿದ್ದು ಇದೇ ಮೊದಲು.

ಮೇ 31

ಅಲ್ಲಿನ ಆಸ್ಪತ್ರೆಯಲ್ಲಿ ಇವತ್ತಿಗೇ ಹಾಸಿಗೆ ಸಿಕ್ಕಿದ್ದು. ಕಾರಿನಲ್ಲಿ ಅಹಮದಾಬಾದಿಗೆ. ನಮಿತಾಳನ್ನು ಹಿಂದೆ ಮಲಗಿಸಿದೆವು, ತಲೆ ಪಾರ್ವತಿಯ ತೊಡೆಯ ಮೇಲೆ. ಕಾಲು ನನ್ನ ತೊಡೆಯ ಮೇಲೆ ಇಡಬಹುದಿತ್ತು, ಮಡಿಚಿಕೊಂಡೇ ಇದ್ದಳು. ವಡೋದರಾ ದಾಟುವಾಗ ಎದ್ದು ಕಿಟಕಿಯಲ್ಲಿ ನೋಡಿದಳು. ಪ್ರಜ್ವಲ, ಮನೆಗೆ ಹೋಗಿ ಐದು ನಿಮಿಷ ಕೂತು ಬರೋಣವಾ ಅಂದ. ಬೇಡ, ಗಾಡಿ ನಿಲ್ಲಿಸಬೇಡಿ ಅಂದಳು.

ನಮಗೆ ಉಳಿಯಲು ಅಲ್ಲೇ ಚಾಂದ್‌ಖೇಡಾದಲ್ಲಿ ಪಾರ್ವತಿಯ ತಮ್ಮ ಅಕ್ಷಯನ ಕ್ವಾರ್ಟರ್ಸು. ನಮಿತಾ ಆಸ್ಪತ್ರೆಯಲ್ಲೇ.

ಜೂನ್ 2

ಇಲ್ಲಿನ ಡಾಕ್ಟರು ಚಿಕ್ಕ ಪ್ರಾಯದವನು. ಹೊಟ್ಟೆಯ ಮೇಲಿಂದ ಸೂಜಿ ಇಳಿಸಿ, ಹೊಕ್ಕುಳಬಳ್ಳಿಯ ನರಕ್ಕೆ ಬೇರೆಯವರ ರಕ್ತ ಕೊಟ್ಟ. ನಮಿತಾ ಎಚ್ಚರವಾಗಿಯೇ ಮಲಗಿದ್ದಳಂತೆ, ಒಂದು ಸಲವೂ ನರಳಲಿಲ್ಲವಂತೆ. ಕಾದು ನೋಡಬೇಕು ಅಂದ.

ನಾನು ಅವನನ್ನು ಮೆಟ್ಟಿಲಲ್ಲಿ ತಡೆದು ಕೇಳಿದೆ. ನನಗೆ ತಿಳಿಯುವ ಹಾಗೆ ಹೇಳು ಅಂದೆ. ನಿಂತು ಹೇಳಿದ, ಪಾಪ. ಮೊದಲನೆಯದು ಇಳಿದಾಗ ಅದರ ರಕ್ತ ಸ್ವಲ್ಪ ತಾಯಿಯ ರಕ್ತಕ್ಕೆ ಸೇರುತ್ತದೆ. ತಾಯಿಯ ರಕ್ತ ಅದರ ಗುರುತು ಇಟ್ಟುಕೊಳ್ಳುತ್ತದೆ. ಎರಡನೆಯದು ಬಂದಾಗ ಹುಡುಕಿ ಕೊಲ್ಲುತ್ತದೆ. ಮೊದಲನೆಯದು ಇಳಿದ ಮೂರು ದಿನದೊಳಗೆ ಒಂದು ಇಂಜೆಕ್ಷನ್ ಕೊಟ್ಟರೆ ಆ ಗುರುತೇ ಉಳಿಯುವುದಿಲ್ಲ.

“ಈಗ ಕೊಟ್ರೆ?”

“ಈಗ ಅದರಿಂದ ಏನೂ ಉಪಯೋಗ ಇಲ್ಲ, ಬಾ. ಜನವರಿಯಲ್ಲೇ ಗೊತ್ತಾಗಿದ್ದರೆ ಇಷ್ಟು ನೀರು ತುಂಬುವ ಮೊದಲೇ ರಕ್ತ ಕೊಡಬಹುದಿತ್ತು.”

ಮೂರು ದಿನ. ಕೂತು ನೆನಪು ಮಾಡಿಕೊಂಡೆ. ಮೊದಲ ದಿನ ಜೀರಿಗೆ ಕಷಾಯ ಕುಡಿಸಿ ಮಲಗಿಸಿದೆ. ಎರಡನೇ ದಿನ ಅಳಬೇಡ, ಪಕ್ಕದ ಮನೆಗೆ ಕೇಳುತ್ತದೆ ಅಂದೆ. ಮೂರನೇ ದಿನ ಎಬ್ಬಿಸಿ ಕಾಯಿ ತುರಿಯಲು ಕೂರಿಸಿದೆ, ಸೊಸೆ ಕಾಣುವುದಿಲ್ಲ ಅಂತ ಜನ ಕೇಳಬಾರದಲ್ಲ. ಇಪ್ಪತ್ತು ಕಾಯಿ ತುರಿದಳು. ಡಾಕ್ಟರಮ್ಮನ ಕ್ಲಿನಿಕ್ಕಿಗೆ ನಮ್ಮ ಹೋಟೆಲಿನಿಂದ ರಿಕ್ಷಾದಲ್ಲಿ ಹತ್ತು ನಿಮಿಷ.

ಜೂನ್ 4

ನೀರು ಕಡಿಮೆಯಾಗಿಲ್ಲ. ಎದೆಬಡಿತ ಇದೆ.

ಜೂನ್ 5

ಇದೆ.

ಜೂನ್ 6

ಬೆಳಿಗ್ಗೆ ಹತ್ತಕ್ಕೆ ಮೆಷಿನ್ನು ಇಟ್ಟರು. ಇಲ್ಲ.

ಜೂನ್ 8

ಹೆರಿಗೆ ಮಾಡಿಸಿದರು. ಸತ್ತದ್ದನ್ನೂ ಹೆರಲೇಬೇಕು, ನೋವು ಅಷ್ಟೇ ಇರುತ್ತದೆ. ಹದಿನಾಲ್ಕು ಗಂಟೆ ನಮಿತಾ ನೋವು ತಿಂದಳು. ಹೆಣ್ಣು.

ನರ್ಸು ಬಟ್ಟೆಯಲ್ಲಿ ಸುತ್ತಿ ತಂದಳು. ನೋಡುವುದು ಬೇಡ, ಊದಿಕೊಂಡಿದೆ ಅಂದಳು. ಕೊಡು ಇಲ್ಲಿ ಅಂತ ಕೈಚಾಚಿದೆ. ಮುಖ ಊದಿತ್ತು, ಹೊಟ್ಟೆ ಬಿಗಿದಿತ್ತು, ಮೈ ಬೆಳ್ಳಗೆ ಬಿಳಿಚಿತ್ತು. ಆದರೆ ರೆಪ್ಪೆಯಲ್ಲಿ ಕೂದಲು ಬಂದಿತ್ತು. ಹುಬ್ಬಿತ್ತು. ಉಗುರು ಇತ್ತು, ಅಂಗೈಯಲ್ಲಿ ಗೆರೆ ಇತ್ತು. ಏಳು ತಿಂಗಳಲ್ಲಿ ಬರಬೇಕಾದದ್ದು ಎಲ್ಲವೂ ಬಂದಿತ್ತು. ನಮಿತಾ ಒಂದು ಕೆಲಸವೂ ಬಾಕಿ ಇಟ್ಟಿರಲಿಲ್ಲ.

ಪ್ರಜ್ವಲ ಮತ್ತು ಅಕ್ಷಯ ಮಣ್ಣು ಮಾಡಿ ಬಂದರು. ಇವರು ಸಚಿನ್‌ನಿಂದ ಹೊರಟು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಜೂನ್ 9

ಊರಿನಿಂದ, ಸೂರತ್‌ನಿಂದ ಫೋನು. ಚೊಚ್ಚಲಲ್ಲಿ ಹೀಗಾಗುವುದುಂಟು, ಮುಂದಿನದು ನಿಲ್ಲುತ್ತದೆ ಬಿಡಿ ಅನ್ನುತ್ತಾರೆ. ಚೊಚ್ಚಲಲ್ಲ, ಎರಡನೆಯದು, ಮೊದಲನೆಯದನ್ನು ಮುಚ್ಚಿಟ್ಟು ಇದನ್ನು ಕೊಂದವಳು ನಾನು ಅಂದೆ. ಸೀತಾರಾಮ ಭಟ್ಟರಿಗೂ ಹಾಗೇ ಹೇಳಿದೆ. ಇನ್ನು ಅವರು ಆಡಿಕೊಳ್ಳುವುದು ನನ್ನನ್ನು, ಅವಳನ್ನಲ್ಲ.

ಮುಂದಿನದು ನಿಲ್ಲುತ್ತದೆಯೇ ಅಂತ ಡಾಕ್ಟರನ್ನು ನಮಿತಾಳೇ ಕೇಳಿದಳಂತೆ. ಕಷ್ಟ, ಒಂದಕ್ಕಿಂತ ಇನ್ನೊಂದಕ್ಕೆ ಜೋರಾಗುತ್ತದೆ, ಶುರುವಿನಿಂದಲೇ ಇಲ್ಲಿಗೆ ಬರಬೇಕು ಅಂದನಂತೆ.

ಜೂನ್ 10

ಮಧ್ಯಾಹ್ನ ಪಾರ್ವತಿ ಊಟಕ್ಕೆ ಇಳಿದಿದ್ದಳು. ನಾನು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತೆ. ಎದೆಹಾಲು ಬಂದುಬಿಟ್ಟಿದೆ ಅವಳಿಗೆ. ಕುಡಿಯುವವರಿಲ್ಲ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಒದ್ದೆಯಾದ ಬಟ್ಟೆ ಬದಲಿಸಿದೆ. ಬೇಡ ಅನ್ನಲಿಲ್ಲ, ಮುಖವನ್ನೂ ನೋಡಲಿಲ್ಲ.

ಆಮೇಲೆ ಕೇಳಿದಳು. “ಅತ್ತೆ, ಆವತ್ತು ಬಚ್ಚಲಲ್ಲಿ ಹೋದದ್ದು ಬರೀ ರಕ್ತ ಅಂತ ಹೇಳಿದ್ರಿ ನೀವು. ಸಚ್ ಮೇಂ?”

ಹೌದು ಅಂದುಬಿಡಬಹುದಿತ್ತು. ಆವತ್ತು ಅಂದಿದ್ದೆ, ನಂಬಿದ್ದಳು.

“ಅಲ್ಲ,” ಅಂದೆ. “ಮಗು ಇತ್ತು.”

“ಎಷ್ಟು?”

“ನನ್ ಹೆಬ್ಬೆರಳಿನಷ್ಟು. ಕೈಕಾಲು ಇತ್ತು. ಬೆರಳು ಇತ್ತು.”

“ನೀವು ನೋಡಿದ್ರಿ.”

“ನೋಡಿದೆ.”

“ಎಂತ ಮಾಡಿದ್ರಿ ಅದನ್ನು?”

“ನೀರು ಹೊಯ್ದೆ.”

ಅವಳು ಅಳಲಿಲ್ಲ. ಬೈದಿದ್ದರೆ ಕೇಳಿಸಿಕೊಂಡು ಕೂರುತ್ತಿದ್ದೆ. ನಿಧಾನವಾಗಿ ಗೋಡೆಯ ಕಡೆ ತಿರುಗಿದಳು. “ಮಮ್ಮಿಯನ್ನು ಕಳಿಸಿ,” ಅಂದಳು.

ಕಳಿಸಿದೆ.